ಬ್ಯಾಂಕು ಹುಟ್ಟಿದ ನೆಲದಲ್ಲಿ ಅರ್ಥಶಾಸ್ತ್ರದ ಗೈಡು

ಕುಂದಾಪುರದಲ್ಲೋ ಬೈಂದೂರಿನಲ್ಲೋ ಬ್ರಹ್ಮಾವರದಲ್ಲೋ ಪದವಿ ಕಾಲೇಜಿಗೆ ಹೋಗುವ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿ 'ಬೇಡಿಕೆಯ ನಿಯಮ ಎಂದರೇನು?' ಎಂದು ಕೇಳಿ ನೋಡಿ. ಗೈಡಿನಲ್ಲಿ ಇದ್ದುದನ್ನು ಪೂರ್ಣವಿರಾಮ ಸಹಿತ ಒಪ್ಪಿಸುತ್ತಾನೆ. 'ನಿನ್ನ ಅಪ್ಪ ಹೋಗುವ ಬೋಟಿಗೆ ಒಂದು ಲಕ್ಷದ ಮೀನು ಬಿದ್ದರೆ ಅಪ್ಪನ ಪಾಲಿಗೆ ಎಷ್ಟು ಬರುತ್ತದೆ? ಅಷ್ಟೇ ಯಾಕೆ ಬರುತ್ತದೆ?' ಎಂದು ಕೇಳಿ. ತಲೆ ತಗ್ಗಿಸುತ್ತಾನೆ. ಒತ್ತಾಯ ಮಾಡಿದರೆ 'ಅದು ಸಿಲೆಬಸ್‌ನಲ್ಲಿ ಇಲ್ಲ ಸರ್' ಎನ್ನುತ್ತಾನೆ.

ಅವನು ಹೇಳುವುದು ನಿಜ. ನಮ್ಮ ತಕರಾರು ಇರುವುದೂ ಅಲ್ಲೇ.

ಅದೇ ಹುಡುಗನ ಜೇಬಿನಲ್ಲಿರುವ ಮೊಬೈಲಿನಲ್ಲಿ ಶೇರು ವ್ಯವಹಾರದ ಆಪ್ ಇದೆ. ಮುಂದೆ ಕರಿಹಲಗೆಯ ಮೇಲೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ನಡೆಯುತ್ತಿರುವಾಗ ಹಿಂದಿನ ಬೆಂಚಿನಲ್ಲಿ ನಿಫ್ಟಿ ಆಪ್ಷನ್ ಕೊಂಡು ಮಾರುವುದು ನಡೆಯುತ್ತಿರುತ್ತದೆ. ಗಲ್ಫಿನಿಂದ ಅಪ್ಪ ಫೀಸಿಗೆಂದು ಕಳಿಸಿದ್ದು, ಬೆಂಗಳೂರಿನ ಹೋಟೆಲಿನಲ್ಲಿ ಅಣ್ಣ ದುಡಿದು ಕಳಿಸಿದ್ದು ಒಂದು ಮಧ್ಯಾಹ್ನದಲ್ಲಿ ಕರಗಿಹೋದ ಕತೆಗಳನ್ನು ನಾವು ಈಗೀಗ ಮೇಲಿಂದ ಮೇಲೆ ಕೇಳುತ್ತಿದ್ದೇವೆ. ಮನೆಯವರಿಗೆ ಗೊತ್ತಾಗುವುದು ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ.

ಇದು ನಮ್ಮ ಊಹೆಯಲ್ಲ. ಶೇರು ಮಾರುಕಟ್ಟೆಯ ಮೇಲೆ ನಿಗಾ ಇಡುವ ಸೆಬಿ ಸಂಸ್ಥೆಯೇ 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಕೊಟ್ಟಿತು. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. 2023-24ರಲ್ಲಿ ಈ ಜನರಲ್ಲಿ ಶೇಕಡಾ 43ರಷ್ಟು ಮಂದಿ ಮೂವತ್ತು ದಾಟದವರು. ಅದರ ಹಿಂದಿನ ವರ್ಷ ಈ ಪ್ರಮಾಣ 31 ಇತ್ತು. ಮುಕ್ಕಾಲು ಪಾಲಿಗಿಂತ ಹೆಚ್ಚಿನವರ ವಾರ್ಷಿಕ ಆದಾಯ ಐದು ಲಕ್ಷಕ್ಕಿಂತ ಕಡಿಮೆ. ಹಾಗಾದರೆ ಹಣ ಎಲ್ಲಿಗೆ ಹೋಯಿತು? ಅದೇ ವರ್ಷ ಸ್ವಂತ ಖಾತೆಯಲ್ಲಿ ಆಡುವ ದೊಡ್ಡ ಸಂಸ್ಥೆಗಳು ಸುಮಾರು 33 ಸಾವಿರ ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28 ಸಾವಿರ ಕೋಟಿ ಲಾಭ ಮಾಡಿದರು, ಬಹುಪಾಲು ಕಂಪ್ಯೂಟರುಗಳ ಮೂಲಕ. ಹಿಂದಿನ ಬೆಂಚಿನ ಹುಡುಗ ಪೈಪೋಟಿಗೆ ಇಳಿದಿರುವುದು ಆ ಯಂತ್ರಗಳ ಜೊತೆ. ಆಪ್ಷನ್ ವ್ಯವಹಾರದಲ್ಲಿ ಒಬ್ಬನ ಲಾಭ ಇನ್ನೊಬ್ಬನ ನಷ್ಟ. ಬ್ರೋಕರನ ಕಮಿಷನ್ನೂ ಸರ್ಕಾರದ ತೆರಿಗೆಯೂ ಇಬ್ಬರ ಜೇಬಿನಿಂದ. ಇಷ್ಟನ್ನು ಮೊದಲ ವರ್ಷದ ತರಗತಿಯಲ್ಲಿ ಒಂದು ಗಂಟೆ ಕೂತು ಹೇಳುವುದು ಅಷ್ಟು ಕಷ್ಟವೇ?

'ಹಣಕಾಸು ಸಾಕ್ಷರತೆ', 'ಹೂಡಿಕೆ ಅರಿವು' ಎಂಬ ಹೆಸರಿನ ಪಾಠಗಳು ಈಚಿನ ವರ್ಷಗಳಲ್ಲಿ ಬಂದಿವೆಯಲ್ಲ ಎನ್ನಬಹುದು. ಬಂದಿವೆ. ಆದರೆ ಡಿಮ್ಯಾಟ್ ಖಾತೆ ತೆರೆಯುವುದು ಹೇಗೆ ಎಂದು ಕಲಿಸುವುದು ಅರ್ಥಶಾಸ್ತ್ರವಲ್ಲ, ಅದು ಬ್ರೋಕರನ ಏಜೆಂಟನ ಕೆಲಸ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಈ ಹತ್ತಿಳಿಯುವ ಆಟದ ನಡುವೆ ಬದಲಾಗದೆ ಉಳಿದದ್ದು ಗೈಡು ಒಂದೇ.

ತಮಾಷೆಯೆಂದರೆ ಈ ಪಾಠಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಪ್ರಯೋಗಶಾಲೆ ದೇಶದಲ್ಲಿ ಸಿಗುವುದು ಕಷ್ಟ. ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ತೆರೆದರು. ಮೊದಲ ದಿನ ಸಂಜೆಗೆ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆಬಾಗಿಲಿಗೆ ಬರುತ್ತಿದ್ದ. ಬಡವನ ಉಳಿತಾಯ ಬಂಡವಾಳವಾಗುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ? ಇವತ್ತಿಗೂ ಕುಂದಾಪುರ ಪೇಟೆಯ ಗೂಡಂಗಡಿಯವನು ಸಹಕಾರಿ ಸಂಘದ ಪಿಗ್ಮಿ ಕಟ್ಟುತ್ತಾನೆ. ಅವನ ಮಗಳು ಕಾಲೇಜಿನಲ್ಲಿ 'ಬಂಡವಾಳ ಸಂಚಯನ'ದ ವ್ಯಾಖ್ಯೆ ಬಾಯಿಪಾಠ ಮಾಡುತ್ತಾಳೆ. ಎರಡೂ ಒಂದೇ ಎಂದು ಅವಳಿಗೆ ತಿಳಿಯುವುದಿಲ್ಲ. 2020ರ ಏಪ್ರಿಲ್ ಒಂದರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿ ಹೆಸರು ಕಳೆದುಕೊಂಡವು. ವಿಜಯಾ ಬ್ಯಾಂಕ್ ಅದರ ಹಿಂದಿನ ವರ್ಷವೇ ಹೋಗಿತ್ತು. ಯಾಕೆ ಹೋದವು, ಇದರಿಂದ ಯಾರಿಗೆ ಏನಾಯಿತು ಎಂದು ನಮ್ಮ ಎಷ್ಟು ತರಗತಿಗಳಲ್ಲಿ ಚರ್ಚೆಯಾಗಿದೆ?

ಮೀನಿನ ಮಾತಿಗೆ ಮರಳೋಣ. ಆಧುನಿಕ ಅರ್ಥಶಾಸ್ತ್ರದ ಪಠ್ಯಗಳಿಗೆಲ್ಲ ಅಜ್ಜನಂತಿರುವ ಆಲ್ಫ್ರೆಡ್ ಮಾರ್ಷಲ್, 1890ರ ತನ್ನ ಗ್ರಂಥದಲ್ಲಿ ಬೆಲೆ ನಿರ್ಧಾರವಾಗುವುದು ಹೇಗೆಂದು ವಿವರಿಸಲು ಎತ್ತಿಕೊಂಡ ಉದಾಹರಣೆಗಳಲ್ಲಿ ಮೀನುಗಾರಿಕೆಯೂ ಒಂದು. ಒಂದು ದಿನದ ಬೆಲೆಯೇ ಬೇರೆ, ಹೊಸ ದೋಣಿಗಳು ಕಡಲಿಗೆ ಇಳಿಯುವಷ್ಟು ಕಾಲ ಕೊಟ್ಟರೆ ಬೆಲೆಯೇ ಬೇರೆ ಎಂದು ಅವನು ತೋರಿಸಿದ. ಗಂಗೊಳ್ಳಿ ಬಂದರು ಕಣ್ಣಳತೆಯಲ್ಲಿ ಇರುವಾಗ ನಾವು ಮಾತ್ರ ಸೇಬು, ಪೆನ್ನು, ಚಹಾ-ಕಾಫಿ ಹಿಡಿದುಕೊಂಡು ಕೂತಿದ್ದೇವೆ. ಜೂನ್ ಮತ್ತು ಜುಲೈ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಬಂಗುಡೆಯ ಬೆಲೆ ಎಲ್ಲಿಗೇರುತ್ತದೆ? ಸುಗ್ಗಿಯಲ್ಲಿ ಅದೇ ಬಂಗುಡೆ ಫಿಶ್‌ಮೀಲ್ ಕಾರ್ಖಾನೆಯ ಲಾರಿ ಹತ್ತುವುದು ಯಾಕೆ? ಡೀಸೆಲ್, ಐಸಿನ ಖರ್ಚು ಕಳೆದು ಉಳಿದದ್ದು ಮಾಲಕನಿಗೂ ದುಡಿಯುವವನಿಗೂ ಪಾಲಾಗುವಾಗ ನಷ್ಟದ ಭಯ ಯಾರ ತಲೆಯ ಮೇಲೆ ಎಷ್ಟು ಬೀಳುತ್ತದೆ? ಕುಂದಗನ್ನಡದಲ್ಲಿ ಇದನ್ನು ಗಂಟೆಗಟ್ಟಲೆ ವಾದಿಸಬಲ್ಲ ಹುಡುಗ 'ಬೇಡಿಕೆಯ ಸ್ಥಿತಿಸ್ಥಾಪಕತ್ವ' ಎಂಬ ಪದ ಕಂಡೊಡನೆ ದಡ್ಡನಾಗುತ್ತಾನೆ. ದಡ್ಡತನ ಯಾರದು?

ಬ್ರಹ್ಮಾವರದವರಿಗೆ ಇನ್ನೂ ಹತ್ತಿರದ ಪಾಠವಿದೆ. ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆಗೆ ರೈತರೇ ಶೇರುದಾರರು. ಅದು ಕಬ್ಬು ಅರೆಯುವುದನ್ನು ನಿಲ್ಲಿಸಿ ಎರಡು ದಶಕ ದಾಟಿತು. ಅದರ ಶೇರು ಪತ್ರ ಎಷ್ಟೋ ಮನೆಗಳ ಹಳೆಯ ಟ್ರಂಕಿನಲ್ಲಿ ಇನ್ನೂ ಇದ್ದೀತು. ಶೇರು ಎಂದರೆ ಮೊಬೈಲಿನಲ್ಲಿ ಹಸಿರು-ಕೆಂಪಾಗಿ ಮಿನುಗುವ ಅಂಕಿಯಲ್ಲ, ಒಂದು ಉದ್ಯಮದ ಲಾಭ-ನಷ್ಟದಲ್ಲಿ ಪಾಲು ಎಂಬುದನ್ನು ತಿಳಿಸಲು ಆ ಟ್ರಂಕಿನ ಕಾಗದ ಸಾಕು. ಮಂಗಳೂರಿನಲ್ಲೇ ಒಂದು ಶೇರು ವಿನಿಮಯ ಕೇಂದ್ರವಿತ್ತು, 2004ರಲ್ಲಿ ಅದರ ಮಾನ್ಯತೆ ಹೋಯಿತು ಎಂಬುದು ಈಗಿನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು?

ನಮ್ಮ ಸಮುದಾಯದೊಳಗಿನ ಒಂದು ಮಾತನ್ನೂ ಇಲ್ಲಿ ಆಡಲೇಬೇಕು. ಬಡ್ಡಿ ನಿಷಿದ್ಧ, ಆದ್ದರಿಂದ ಬ್ಯಾಂಕು, ಶೇರು, ಅರ್ಥಶಾಸ್ತ್ರ ಯಾವುದರ ಗೊಡವೆಯೂ ಬೇಡ ಎನ್ನುವ ಹಿರಿಯರು ಇದ್ದಾರೆ. ಬಡ್ಡಿಯಿಂದ ದೂರ ಇರುವುದು ಬೇರೆ, ಲೆಕ್ಕದಿಂದ ದೂರ ಇರುವುದು ಬೇರೆ. ಲೆಕ್ಕ ಬಿಟ್ಟವರ ಗತಿ ಏನಾಯಿತೆಂದು 2019ರ ಜೂನ್‌ನಲ್ಲಿ ಬೆಂಗಳೂರು ತೋರಿಸಿತು. 'ಹಲಾಲ್ ಹೂಡಿಕೆ' ಎಂಬ ಹೆಸರಿನಲ್ಲಿ ಐಎಂಎ ಸಂಸ್ಥೆ ಸಂಗ್ರಹಿಸಿದ ಠೇವಣಿ ಮುಳುಗಿತು, ಅದರ ಮುಖ್ಯಸ್ಥ ದೇಶ ಬಿಟ್ಟ, 40 ಸಾವಿರಕ್ಕೂ ಹೆಚ್ಚು ಮಂದಿ ದೂರು ಕೊಟ್ಟರು. ಮಗಳ ಮದುವೆಗೆ ಕೂಡಿಟ್ಟದ್ದು, ನಿವೃತ್ತಿಯ ಹಣ, ಒಡವೆ ಅಡವಿಟ್ಟು ತಂದದ್ದು ಎಲ್ಲವೂ ಅದರಲ್ಲಿತ್ತು. ತಿಂಗಳಿಗೆ ನೂರಕ್ಕೆ ಎರಡು, ಮೂರು ರೂಪಾಯಿ ಲಾಭ ಯಾವ ವ್ಯಾಪಾರದಿಂದ ತಪ್ಪದೆ ಬರುತ್ತದೆ ಎಂದು ಕೇಳಲು ಧರ್ಮಶಾಸ್ತ್ರದ ಪಾಂಡಿತ್ಯ ಬೇಕಿರಲಿಲ್ಲ, ಎಂಟನೇ ತರಗತಿಯ ಗಣಿತ ಸಾಕಿತ್ತು. ಲಾಭದಲ್ಲಿ ಪಾಲು ಎನ್ನುವವನು ನಷ್ಟದ ಲೆಕ್ಕವನ್ನು ಎಂದೂ ತೋರಿಸದಿದ್ದರೆ ಅದು ಪಾಲುದಾರಿಕೆಯೇ ಅಲ್ಲ. ಗಂಗೊಳ್ಳಿಯ ಯಾವ ಕಲಾಸಿಯೂ ಇದನ್ನು ಹೇಳಬಲ್ಲ. ಮೀನು ಬೀಳದ ದಿನ ಅವನಿಗೆ ಪಾಲೂ ಇಲ್ಲ.

ಆದ್ದರಿಂದ ನಾವು ಕೇಳುವುದು ಹೊಸ ಕಟ್ಟಡವನ್ನಲ್ಲ, ಸ್ಮಾರ್ಟ್ ಬೋರ್ಡನ್ನೂ ಅಲ್ಲ. ಮೊದಲ ಸೆಮಿಸ್ಟರಿನಲ್ಲಿ ಪ್ರತಿ ವಿದ್ಯಾರ್ಥಿ ತನ್ನ ಮನೆಯ ಒಂದು ಲೆಕ್ಕವನ್ನು, ಅದು ಪಿಗ್ಮಿ ಪುಸ್ತಕವಿರಲಿ, ಬೋಟಿನ ಪಾಲಿನ ಚೀಟಿಯಿರಲಿ, ಸ್ವಸಹಾಯ ಗುಂಪಿನ ಸಾಲದ ಕಂತಿರಲಿ, ತರಗತಿಗೆ ತಂದು ಕನ್ನಡದಲ್ಲಿ ವಿವರಿಸಲಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇರಲಿ. ಹಣಕಾಸು ಮಾರುಕಟ್ಟೆಯ ಪಾಠ ಸೆಬಿಯ ಆ ನಷ್ಟದ ಪಟ್ಟಿಯಿಂದ ಶುರುವಾಗಲಿ. ಡಿಮ್ಯಾಟ್ ಖಾತೆ ಆಮೇಲೆ.

ಇದಕ್ಕೆಲ್ಲ ಅಧ್ಯಾಪಕರಿಗೆ ಪುರುಸೊತ್ತು ಎಲ್ಲಿದೆ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳನ್ನು ಬಹುಮಟ್ಟಿಗೆ ಎಳೆಯುತ್ತಿರುವವರು ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಅವರು ಖಾಯಮಾತಿಗಾಗಿ ವಾರಗಟ್ಟಲೆ ಮುಷ್ಕರ ಕೂತದ್ದು ನೆನಪಿರಬಹುದು. ಬರುವ ವರ್ಷ ಕೆಲಸ ಉಂಟೋ ಇಲ್ಲವೋ ತಿಳಿಯದವನು ಕರಿಹಲಗೆಯ ಮೇಲೆ ಶ್ರಮದ ಬೇಡಿಕೆ-ಪೂರೈಕೆಯ ರೇಖೆ ಎಳೆಯುತ್ತಾನೆ. ತನ್ನ ಸಂಬಳದ ಚೀಟಿಯನ್ನೇ ಅವನು ತರಗತಿಗೆ ತಂದರೆ ಆ ಪಾಠಕ್ಕೆ ಗೈಡು ಬೇಕಾಗಲಿಕ್ಕಿಲ್ಲ.