ನಾಲ್ಕು ಸಾವಿರ ವರ್ಷ ಹಿಂದಿನ ಲಾಯಲ್ಟಿ ಪ್ರೋಗ್ರಾಂ

ಖಾಯಂ ಗಿರಾಕಿಗೆ ಪಾಯಿಂಟ್ಸ್, ಕ್ಯಾಶ್‌ಬ್ಯಾಕ್ ಕೊಡೋದನ್ನ ಆ್ಯಪ್‌ಗಳೇ ಕಂಡುಹಿಡಿದವು ಅಂದ್ಕೊಂಡಿದ್ದೀರಾ? ಕೋಡ್ ಬರೆಯೋ ನಮ್ಮಂಥವರಿಗೂ ಹಾಗೇ ಅನ್ಸುತ್ತೆ. ಆದ್ರೆ ಗಿರಾಕಿಯ ನಿಯತ್ತಿಗೆ ಬೆಲೆ ಕಟ್ಟೋ ಲೆಕ್ಕ ಬಹಳ ಹಳೇದು.

ಕ್ರಿ.ಪೂ. 1900ರ ಸುಮಾರು. ಈಗಿನ ಇರಾಕ್‌ನಲ್ಲಿದ್ದ ಅಶ್ಶೂರ್ ನಗರದ ವ್ಯಾಪಾರಿಗಳು ಕತ್ತೆಗಳ ಮೇಲೆ ತವರ ಮತ್ತು ಬಟ್ಟೆ ಹೇರಿಕೊಂಡು, ಸುಮಾರು 1,000 ಕಿ.ಮೀ. ದೂರದ ಕಾನೆಶ್‌ಗೆ ಹೋಗ್ತಿದ್ರು. ಈಗ ಅದು ಟರ್ಕಿಯಲ್ಲಿದೆ. ದಾರಿಗೆ ಹೆಚ್ಚುಕಡಿಮೆ ಆರು ವಾರ. ವಾಪಸ್ ಬರ್ತಿದ್ದದ್ದು ಬೆಳ್ಳಿ, ಬಂಗಾರ. ಅವರ ಪತ್ರ, ಲೆಕ್ಕ, ಸಾಲಪತ್ರಗಳು ಮಣ್ಣಿನ ಹಲಗೆಗಳ ಮೇಲಿವೆ. ಅಂಥ 20,000ಕ್ಕೂ ಹೆಚ್ಚು ಹಲಗೆಗಳು ಕಾನೆಶ್‌ನಲ್ಲಿ ಸಿಕ್ಕಿವೆ.

ಅಲ್ಲಿ ಡಿಸ್ಕೌಂಟ್ ಕೂಪನ್ ಇಲ್ಲ. ನಿಯತ್ತಿಗೆ ಸಿಗ್ತಿದ್ದದ್ದು ಉದ್ರಿ. ಸರಕು ಈಗ ತಗೊಂಡು ಹೋಗಿ, ಮಾರಿ, ಇಷ್ಟು ವಾರ ಬಿಟ್ಟು ಬೆಳ್ಳಿ ಕೊಡಿ ಅನ್ನೋ ವ್ಯವಸ್ಥೆ. ಆದ್ರೆ ಎಲ್ಲರಿಗೂ ಅಲ್ಲ. ಅಶ್ಶೂರ್‌ನ ಮಾಲೀಕರು ಕಾನೆಶ್‌ನ ತಮ್ಮವರಿಗೆ ಬರೆದ ಪತ್ರಗಳಲ್ಲಿ, ನಂಬಿಕಸ್ಥ ವ್ಯಾಪಾರಿಗೆ ಮಾತ್ರ ಉದ್ರಿ ಕೊಡಿ ಅನ್ನೋ ಸೂಚನೆ ಮತ್ತೆ ಮತ್ತೆ ಬರುತ್ತೆ. ಹಿಂದೆ ಸರಿಯಾಗಿ ತೀರಿಸಿದವನಿಗೆ ಮುಂದಿನ ಸಲ ಬಾಗಿಲು ತೆರೆದಿರ್ತಿತ್ತು.

ಗಡುವಿನೊಳಗೆ ಕೊಟ್ರೆ ಸಾಮಾನ್ಯವಾಗಿ ಬಡ್ಡಿ ಇಲ್ಲ. ತಪ್ಪಿದ್ರೆ ಅಶ್ಶೂರ್‌ನವರಿಗೆ ವರ್ಷಕ್ಕೆ 30% ಬಡ್ಡಿ. ಸ್ಥಳೀಯರ ಮೇಲೆ ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ಅಂದ್ರೆ 'ನಮ್ಮವರು' ಅನ್ನೋದಕ್ಕೂ ಒಂದು ರೇಟ್ ಇತ್ತು. ಹೊರಗಿನವನು ಎಷ್ಟೇ ಪ್ರಾಮಾಣಿಕ ಆಗಿದ್ರೂ ಬೇರೆ ರೇಟ್. ಇವತ್ತಿನ ಕ್ರೆಡಿಟ್ ಸ್ಕೋರ್ ನೋಡಿದವರಿಗೆ ಇದು ಹೊಸದೇನಲ್ಲ.

ಸಾಲ ತೀರಿದ ಮೇಲೆ ಆ ಹಲಗೆ ರದ್ದು. ಅದಕ್ಕೆ ಅವರು ಬಳಸ್ತಿದ್ದ ಮಾತು, ಹಲಗೆಯನ್ನ 'ಕೊಲ್ಲೋದು'!

ನನಗೆ ಇದ್ರಲ್ಲಿ ಇಷ್ಟವಾದದ್ದು ಒಂದೇ. ಉದ್ರಿ ಕೊಟ್ಟ ವ್ಯಾಪಾರಿಗೂ ರಿಸ್ಕ್ ಇತ್ತು. ಗಿರಾಕಿ ಕೈಕೊಟ್ರೆ ಆರು ವಾರ ನಡೆದು ಬಂದ ಸರಕು ಹೋಯ್ತು ಅಂತಾನೇ ಲೆಕ್ಕ. ಹಾಗಾಗಿ ಅದು ನಿಜವಾದ ನಂಬಿಕೆ. ನಮ್ಮ ಪಾಯಿಂಟ್ಸ್‌ನಲ್ಲಿ ಕಂಪನಿ ಕಳ್ಕೊಳ್ಳೋದು ಹೆಚ್ಚೇನಿಲ್ಲ. ನಿಯಮ ಬದಲಾಯಿಸಬಹುದು, ಎಕ್ಸ್‌ಪೈರಿ ಡೇಟ್ ಹಾಕಬಹುದು. ಮುಂದಿನ ಸಲ 'ನೀವು ನಮ್ಮ ವಿಶೇಷ ಗ್ರಾಹಕರು' ಅನ್ನೋ ಮೆಸೇಜ್ ಬಂದಾಗ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ನನ್ನನ್ನ ನಂಬಿ ಇವರು ಏನನ್ನ ಪಣಕ್ಕಿಟ್ಟಿದ್ದಾರೆ?