ಚಿತ್ರಸಂತೆ ಮತ್ತು ಬಾಗಲಕೋಟೆ ಜಿಲ್ಲೆಯ ಸ್ವತಂತ್ರ ಕಲಾವಿದರು: ಒಂದು ಅವಲೋಕನ

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬರುತ್ತಿರುವ ಚಿತ್ರಸಂತೆಯು, ಗ್ಯಾಲರಿಗಳ ಆಶ್ರಯವಿಲ್ಲದ ಕಲಾವಿದರಿಗೆ ರಾಜ್ಯದಲ್ಲಿ ದೊರೆಯುವ ಪ್ರಮುಖ ನೇರ ಮಾರುಕಟ್ಟೆಯಾಗಿದೆ. ಸಾಮಾನ್ಯವಾಗಿ ಜನವರಿ ತಿಂಗಳ ಮೊದಲ ಭಾನುವಾರಗಳಲ್ಲೊಂದರಂದು, ಒಂದೇ ದಿನ, ರಸ್ತೆಯ ಸಂಚಾರವನ್ನು ನಿಲ್ಲಿಸಿ ಈ ಸಂತೆಯನ್ನು ಏರ್ಪಡಿಸಲಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸುಮಾರು 1,500 ಕಲಾವಿದರು ಪಾಲ್ಗೊಂಡಿರುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ಲ ಭಾಗದ ಕಲಾವಿದರಿಗೆ ಈ ವ್ಯವಸ್ಥೆಯಿಂದ ಆಗುವ ಪ್ರಯೋಜನ, ಅವರು ಹೊರಬೇಕಾದ ಹೊಣೆ ಹಾಗೂ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಖಾಸಗಿ ಗ್ಯಾಲರಿಯೊಂದು ಕಲಾಕೃತಿಯನ್ನು ಮಾರಿಕೊಟ್ಟಾಗ ಬೆಲೆಯ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತನ್ನ ಪಾಲನ್ನು ಪಡೆಯುವುದು ರೂಢಿಯಲ್ಲಿದೆ. ಅಂತಹ ಗ್ಯಾಲರಿಯ ಬಾಗಿಲು ಎಲ್ಲರಿಗೂ ತೆರೆದಿರುವುದಿಲ್ಲ. 2008ರಲ್ಲಿ ದೆಹಲಿಯಲ್ಲಿ ಆರಂಭವಾದ ಇಂಡಿಯಾ ಆರ್ಟ್ ಫೇರ್‌ನಂತಹ ಮೇಳಗಳಲ್ಲಿಯೂ ಮಳಿಗೆಗಳನ್ನು ಪಡೆಯುವವರು ಬಹುಪಾಲು ಗ್ಯಾಲರಿಗಳೇ. ಆಯ್ಕೆ ಸಮಿತಿಯ ಹಿಡಿತದಿಂದ ಹೊರಬಂದು ಕಲಾವಿದರೇ ಕೂಡಿ ಪ್ರದರ್ಶನ ನಡೆಸಿದ ಪ್ರಯತ್ನ 1884ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದಿತ್ತು. ಚಿತ್ರಸಂತೆಯು ಅದೇ ಸಾಲಿಗೆ ಸೇರುತ್ತದೆಯಾದರೂ, ಅದರ ರೂಪ ಮಾತ್ರ ಈ ನೆಲದ ವಾರದ ಸಂತೆಯದು. ಮಾಡಿದವರೇ ಮುಂದೆ ಕುಳಿತಿರುತ್ತಾರೆ, ಕೊಳ್ಳುವವರು ನೋಡಿ, ಕೇಳಿ, ಚೌಕಾಸಿ ಮಾಡಿ ಒಯ್ಯುತ್ತಾರೆ. ಅಮೀನಗಡದ ಕುರಿ ಸಂತೆಯನ್ನು ಕಂಡಿರುವವರಿಗೆ ಈ ಪದ್ಧತಿಯನ್ನು ಪ್ರತ್ಯೇಕವಾಗಿ ವಿವರಿಸುವ ಅಗತ್ಯವಿಲ್ಲ.

ಬಾಗಲಕೋಟೆ ಜಿಲ್ಲೆಯಿಂದ ಬೆಂಗಳೂರಿಗೆ ಕಲಾವಿದರು ತೆರಳುವುದು ಹೊಸದೇನಲ್ಲ. ಕರ್ನಾಟಕದ ಆಧುನಿಕ ಚಿತ್ರಕಲೆಯ ಪ್ರಮುಖರಲ್ಲಿ ಒಬ್ಬರಾದ ಆರ್.ಎಂ. ಹಡಪದ ಅವರು ಬಾದಾಮಿಯವರು. ಬೆಂಗಳೂರಿನಲ್ಲಿ ನೆಲೆಸಿ, ಕೆನ್ ಕಲಾಶಾಲೆಯ ಮೂಲಕ ಅನೇಕ ಕಲಾವಿದರನ್ನು ರೂಪಿಸಿದ ಅವರು 2003ರಲ್ಲಿ, ಚಿತ್ರಸಂತೆ ಆರಂಭವಾದ ವರ್ಷವೇ, ನಿಧನರಾದರು. ಅವರ ಕಾಲದಲ್ಲಿ ಚಿತ್ರ ಬರೆದು ಬದುಕಬೇಕೆಂದರೆ ಊರನ್ನು ಬಿಡುವುದು ಅನಿವಾರ್ಯವಾಗಿತ್ತು. ಊರಿನಲ್ಲಿಯೇ ಇದ್ದು, ವರ್ಷಕ್ಕೊಮ್ಮೆ ಹೋಗಿ ಮಾರಿಬರಲು ಸಾಧ್ಯವೇ ಎಂಬುದು ಇಂದಿನ ಪ್ರಶ್ನೆ.

ಜಿಲ್ಲೆಯಲ್ಲಿ ಈ ಪ್ರಶ್ನೆ ಎದುರಾಗುವವರು ಯಾರೆಂಬುದನ್ನು ಗಮನಿಸಬೇಕು. ಶಾಲೆಗಳ ಚಿತ್ರಕಲಾ ಶಿಕ್ಷಕರು ಇದ್ದಾರೆ. ಅಂಗಡಿಗಳ ನಾಮಫಲಕ ಬರೆಯುತ್ತಿದ್ದು, ಫ್ಲೆಕ್ಸ್ ಮುದ್ರಣ ಬಂದ ನಂತರ ಕೆಲಸ ಕಳೆದುಕೊಂಡವರಿದ್ದಾರೆ. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳಿಗೆ ಅರಮನೆ, ಕಾಡು, ಬೀದಿಯ ಪರದೆಗಳನ್ನು ಬರೆಯುವ ಕಸುಬು ತಿಳಿದವರಿದ್ದಾರೆ. ಕಲಾ ಮಹಾವಿದ್ಯಾಲಯದಲ್ಲಿ ಪದವಿ ಪಡೆದು ಬೇರೆ ಉದ್ಯೋಗ ಹಿಡಿದ ಯುವಕ ಯುವತಿಯರಿದ್ದಾರೆ. ಇವರ ಪೈಕಿ ಗ್ಯಾಲರಿಯ ಸಂಪರ್ಕವಿರುವವರು ವಿರಳ.

ಮಧ್ಯವರ್ತಿ ಇಲ್ಲದಿದ್ದರೆ ಏನಾಗುತ್ತದೆ

ಮಧ್ಯವರ್ತಿಯ ಪಾಲು ಉಳಿಯುವುದು ಚಿತ್ರಸಂತೆಯ ಬಗ್ಗೆ ಎಲ್ಲರೂ ಹೇಳುವ ಪ್ರಯೋಜನ. ಇದು ನಿಜ. ಆದರೆ ಗ್ಯಾಲರಿಯು ಆ ಪಾಲಿಗೆ ಪ್ರತಿಯಾಗಿ ಕೆಲವು ಕೆಲಸಗಳನ್ನು ನಿರ್ವಹಿಸುತ್ತದೆ. ಸ್ಥಳದ ಬಾಡಿಗೆ, ಪ್ರಚಾರ, ಕೊಂಡವರ ದಾಖಲೆ, ಮಾರಾಟವಾಗದಿದ್ದರೆ ನಷ್ಟದ ಒಂದು ಭಾಗ ಇವೆಲ್ಲವೂ ಅದರ ಹೊಣೆ. ಸಂತೆಯಲ್ಲಿ ಈ ಎಲ್ಲ ಹೊಣೆಯೂ ಕಲಾವಿದರ ಹೆಗಲಿಗೆ, ಅದೂ ಒಂದೇ ದಿನದೊಳಗೆ, ಬರುತ್ತದೆ. ಬೆಂಗಳೂರು ನಿವಾಸಿಗೆ ಇದು ಹಗುರವಾದ ಹೊರೆ. ನಾನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಿಂದ ಬರುವವರಿಗೆ ಹಾಗಲ್ಲ.

ಉದಾಹರಣೆಗೆ, ತಲಾ ರೂ. 4,000 ಬೆಲೆಯ ಮೂರು ಚಿತ್ರಗಳು ಮಾರಾಟವಾದರೆ ಕಲಾವಿದರ ಕೈಗೆ ರೂ. 12,000 ಬರುತ್ತದೆ. ಅದೇ ಮಾರಾಟ ಅರ್ಧ ಪಾಲು ಪಡೆಯುವ ಗ್ಯಾಲರಿಯಲ್ಲಿ ಆಗಿದ್ದರೆ ರೂ. 6,000 ಮಾತ್ರ ದೊರೆಯುತ್ತಿತ್ತು. ಆದರೆ ಮೊದಲಿನ ಮೊತ್ತದಿಂದ ಚೌಕಟ್ಟು, ಪ್ರಯಾಣ, ವಸತಿ, ಮಳಿಗೆ ಶುಲ್ಕಗಳನ್ನು ಕಳೆಯಬೇಕು. ಒಂದೂ ಚಿತ್ರ ಮಾರಾಟವಾಗದಿದ್ದರೆ ಅಷ್ಟೂ ವೆಚ್ಚ ಕೈಯಿಂದಲೇ. ಸಂಜೆಯ ಹೊತ್ತಿಗೆ, ಮರಳಿ ಒಯ್ಯುವ ತೊಂದರೆಯನ್ನು ತಪ್ಪಿಸಿಕೊಳ್ಳಲು, ಬಂದ ಬೆಲೆಗೆ ಕೊಟ್ಟುಬಿಡುವ ಒತ್ತಡ ಸಹಜವಾಗಿ ಹೆಚ್ಚುತ್ತದೆ. ದೂರದಿಂದ ಬಂದವರ ಮೇಲೆ ಇದು ಇನ್ನೂ ಹೆಚ್ಚು.

ಪ್ರಯಾಣದ ವಿಷಯದಲ್ಲಿಯೂ ಜಿಲ್ಲೆಯೊಳಗೆ ವ್ಯತ್ಯಾಸವಿದೆ. ಬಾಗಲಕೋಟೆ ಮತ್ತು ಬಾದಾಮಿಯವರಿಗೆ ಗದಗ, ಹುಬ್ಬಳ್ಳಿ ಮಾರ್ಗವಾಗಿ ಬೆಂಗಳೂರಿಗೆ ರೈಲು ಸೌಲಭ್ಯವಿದೆ. ಹುನಗುಂದ ಮತ್ತು ಇಳಕಲ್ಲಿನಲ್ಲಿ ರೈಲು ನಿಲ್ದಾಣವಿಲ್ಲದ ಕಾರಣ ಹೊಸಪೇಟೆ ಮಾರ್ಗದ ಹೆದ್ದಾರಿಯಲ್ಲಿ ಬಸ್ಸನ್ನೇ ಅವಲಂಬಿಸಬೇಕು. ಚೌಕಟ್ಟು, ಗಾಜು ಸಹಿತ ದೊಡ್ಡ ಚಿತ್ರಗಳನ್ನು ಬಸ್ಸಿನಲ್ಲಿ ಒಯ್ಯುವುದು ಕಷ್ಟ. ಆದುದರಿಂದ ಕ್ಯಾನ್ವಾಸನ್ನು ಸುರುಳಿ ಸುತ್ತಿ ಒಯ್ಯುವುದು, ಸಣ್ಣ ಅಳತೆಯ ಕೃತಿಗಳನ್ನು ಹೆಚ್ಚಾಗಿ ಸಿದ್ಧಪಡಿಸುವುದು ಸೂಕ್ತ. 2021ರಲ್ಲಿ ಕೋವಿಡ್ ಕಾರಣದಿಂದ ಚಿತ್ರಸಂತೆಯು ಅಂತರಜಾಲದಲ್ಲಿ ನಡೆದಾಗ ಈ ದೂರದ ಅಡಚಣೆ ಇರಲಿಲ್ಲ. ನಂತರ ಸಂತೆ ಮತ್ತೆ ರಸ್ತೆಗೆ ಮರಳಿತು, ದೂರವೂ ಮರಳಿತು.

ಇಳಕಲ್ಲಿನ ನಿದರ್ಶನ

ಕೊಳ್ಳುವವರನ್ನು ನೇರವಾಗಿ ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಇಳಕಲ್ಲ ಸೀರೆಯ ಒಡಲು ಮತ್ತು ಸೆರಗಿನ ಹಾಸುಗಳನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೂಡಿಸಿ ನೇಯಲಾಗುತ್ತದೆ. ಇದು ನುರಿತ ಕೈಗಳ ಕೆಲಸ. ಆದಾಗ್ಯೂ ಮಾಲೀಕರಿಂದ ನೂಲು ಪಡೆದು ಕೂಲಿಗೆ ನೇಯುವವರ ಹೆಸರು ಸೀರೆಯ ಮೇಲೆ ಇರುವುದಿಲ್ಲ, ಉಟ್ಟವರಿಗೆ ತಿಳಿದಿರುವುದೂ ಇಲ್ಲ. ಇಳಕಲ್ಲ ಸೀರೆಗೆ 2007ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಈ ಮಾನ್ಯತೆ ಊರಿನ ಹೆಸರನ್ನು ರಕ್ಷಿಸುತ್ತದೆ. ನೇಕಾರರು ಅದರ ಪ್ರಯೋಜನ ಪಡೆಯಬೇಕಾದರೆ 1999ರ ಅಧಿನಿಯಮದ ಪ್ರಕಾರ ಅಧಿಕೃತ ಬಳಕೆದಾರರೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಊರಿಗೆ ಕೀರ್ತಿ ಬಂದರೆ ಕೆಲಸಗಾರರಿಗೆ ಬೆಲೆ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಇಲ್ಲಿ ಪೂರ್ಣವಾಗಿ ನಿಜವಾಗಿಲ್ಲ.

ಹೆಸರಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಸ್ಮರಿಸಬಹುದು. ಬಾದಾಮಿ ಸಮೀಪದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನಗಳು ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಶಿಲ್ಪಿಗಳನ್ನು ಹೆಸರಿಸಿ ಗೌರವಿಸಿವೆ. ಎಂಟನೆಯ ಶತಮಾನದಲ್ಲಿ ಕಲ್ಲಿನ ಮೇಲೆ ಬರೆಯಿಸಿದ ಈ ಮರ್ಯಾದೆ ಇಂದಿನ ಅನೇಕ ಕೆಲಸಗಾರರಿಗೆ ರಸೀದಿಯಲ್ಲಿಯೂ ಸಿಗುತ್ತಿಲ್ಲ.

ದಾಖಲೆಗಳು ಮತ್ತು ಹಕ್ಕುಗಳು

ಚಿತ್ರಸಂತೆಗೆ ಪರಿಷತ್ತು ಕೆಲವು ತಿಂಗಳು ಮುಂಚಿತವಾಗಿ ಅರ್ಜಿಗಳನ್ನು ಆಹ್ವಾನಿಸಿ, ಕೃತಿಗಳ ಛಾಯಾಚಿತ್ರಗಳನ್ನು ಪರಿಶೀಲಿಸಿ ಮಳಿಗೆ ಹಂಚುತ್ತದೆ. ಆದುದರಿಂದ ಆಸಕ್ತರು ಮಳೆಗಾಲದಲ್ಲಿಯೇ ಕೃತಿಗಳ ಸ್ಪಷ್ಟ ಛಾಯಾಚಿತ್ರ, ಅಳತೆ, ಮಾಧ್ಯಮ, ರಚಿಸಿದ ವರ್ಷ ಇವುಗಳ ಪಟ್ಟಿಯನ್ನು ಸಿದ್ಧವಿಟ್ಟುಕೊಳ್ಳುವುದು ಒಳಿತು. ಇದೇ ಪಟ್ಟಿ ಮುಂದೆ ಇತರ ಅರ್ಜಿಗಳಿಗೂ ಉಪಯೋಗಕ್ಕೆ ಬರುತ್ತದೆ.

ಮಾರಾಟದ ಸಂದರ್ಭದಲ್ಲಿ ಹೆಚ್ಚಿನವರು ಗಮನಿಸದ ಅಂಶ ಕೃತಿಸ್ವಾಮ್ಯ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಚಿತ್ರವನ್ನು ಮಾರಿದ ಮಾತ್ರಕ್ಕೆ ಅದರ ಪ್ರತಿ ತೆಗೆಯುವ, ಮುದ್ರಿಸುವ ಹಕ್ಕು ಕೊಂಡವರಿಗೆ ಹೋಗುವುದಿಲ್ಲ. ಅದನ್ನು ಲಿಖಿತವಾಗಿ ವರ್ಗಾಯಿಸಿದರೆ ಮಾತ್ರ ಹೋಗುತ್ತದೆ. ಆದರೆ ಹಣ ಕೊಟ್ಟು ಹೇಳಿ ಬರೆಯಿಸಿದ ಚಿತ್ರ ಅಥವಾ ಭಾವಚಿತ್ರದ ಸಂಗತಿ ಬೇರೆ. ವಿರುದ್ಧವಾದ ಒಪ್ಪಂದ ಇಲ್ಲದಿದ್ದರೆ ಅದರ ಹಕ್ಕು ಬರೆಯಿಸಿದವರದು. ಸಂತೆಯಲ್ಲಿ ಎದುರಿಗೆ ಕೂರಿಸಿ ಭಾವಚಿತ್ರ ಬರೆದುಕೊಡುವವರು ಇದನ್ನು ತಿಳಿದಿರಬೇಕು. ಇದಲ್ಲದೆ, ಮೂಲ ಚಿತ್ರವು ಮುಂದೆ ರೂ. 10,000ಕ್ಕಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದಲ್ಲಿ, ಆ ಬೆಲೆಯಲ್ಲಿ ಶೇ. 10ನ್ನು ಮೀರದ ಪಾಲನ್ನು ಪಡೆಯುವ ಹಕ್ಕು ಕೃತಿಸ್ವಾಮ್ಯದ ಮೊದಲ ಒಡೆತನ ಹೊಂದಿದ್ದ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಇದೆ. ಯಾರಿಗೆ, ಯಾವಾಗ, ಎಷ್ಟಕ್ಕೆ ಮಾರಲಾಯಿತೆಂಬ ದಾಖಲೆ ಇಲ್ಲದಿದ್ದರೆ ಈ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ಎರಡು ಪ್ರತಿಯ ರಸೀದಿ ಪುಸ್ತಕವೊಂದನ್ನು ಜೊತೆಗೆ ಒಯ್ಯುವುದು ಅತ್ಯವಶ್ಯ.

ತೆರಿಗೆಯ ಬಗ್ಗೆ ಅನಗತ್ಯ ಭಯವೂ ಇದೆ. ಕೈಯಿಂದ ರಚಿಸಿದ ವರ್ಣಚಿತ್ರಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಕರ್ನಾಟಕದೊಳಗೆ ಸರಕನ್ನು ಮಾತ್ರ ಮಾರುವವರ ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಬೇಕಾಗುವುದಿಲ್ಲ.

ಯೋಜನೆಗಳ ನಡುವಿನ ತೆರಪು

ಅರ್ಜಿದಾರರು ಎದುರಿಸುವ ನಿಜವಾದ ತೊಡಕು ಇಲ್ಲಿದೆ. ನೇಕಾರರಿಗೆ ಕೈಮಗ್ಗ ಇಲಾಖೆಯ ಯೋಜನೆಗಳಿವೆ. ಕರಕುಶಲ ಕೆಲಸಗಾರರಿಗೆ ಕೇಂದ್ರ ಸರ್ಕಾರದ ಪೆಹಚಾನ್ ಗುರುತಿನ ಚೀಟಿ ಇದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಶಿಲ್ಪಿ ಹಾಗೂ ಕಲ್ಲು ಕೆತ್ತುವವರು ಸೇರಿದ್ದಾರೆ. ಬಾದಾಮಿಯ ಶಿಲ್ಪಿಯೊಬ್ಬರು ಈ ಯೋಜನೆಯಡಿ ಉಪಕರಣಗಳಿಗೆ ರೂ. 15,000ದವರೆಗೆ ಸಹಾಯ ಹಾಗೂ ಮೊದಲ ಹಂತದಲ್ಲಿ ರೂ. 1 ಲಕ್ಷದವರೆಗೆ ಜಾಮೀನು ರಹಿತ ಸಾಲಕ್ಕೆ ಅರ್ಜಿ ಸಲ್ಲಿಸಬಹುದು. ಅದೇ ಓಣಿಯಲ್ಲಿ ಕ್ಯಾನ್ವಾಸ್ ಮೇಲೆ ಚಿತ್ರ ಬರೆಯುವವರು ಸಲ್ಲಿಸುವಂತಿಲ್ಲ. ಚಿತ್ರಕಾರರ ಕಸುಬು ಆ ಪಟ್ಟಿಯಲ್ಲಿಲ್ಲ. ಅವರು ನೇಕಾರರಲ್ಲ, ಜನಪದ ಕಲಾವಿದರೆಂಬ ವರ್ಗಕ್ಕೂ ಸುಲಭವಾಗಿ ಸೇರುವುದಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವು ವೃದ್ಧ ಕಲಾವಿದರಿಗೆ ಉಪಯುಕ್ತವೇ ಹೊರತು ಮೂವತ್ತರ ಹರೆಯದವರಿಗೆ ಅಲ್ಲ. ಇಂತಹವರು ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನ ಮತ್ತು ಶಿಬಿರಗಳ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು. ಜಿಲ್ಲಾ ಕೇಂದ್ರವಾದ ಬಾಗಲಕೋಟೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸುವಾಗ ತಮ್ಮ ಪ್ರಕಾರವನ್ನು, ಅಂದರೆ ವರ್ಣಚಿತ್ರವೋ ಶಿಲ್ಪವೋ ಸಾಂಪ್ರದಾಯಿಕ ಚಿತ್ರಕಲೆಯೋ ಎಂಬುದನ್ನು, ಸ್ಪಷ್ಟವಾಗಿ ನಮೂದಿಸಬೇಕು. ತಪ್ಪು ವರ್ಗದಲ್ಲಿ ಸಲ್ಲಿಸಿದ ಅರ್ಜಿ ತಿರಸ್ಕೃತವಾಗುವ ಸಂಭವವೇ ಹೆಚ್ಚು.

ಜಿಲ್ಲೆಯಲ್ಲಿಯೇ ಇರುವ ಅವಕಾಶ

ಚಿತ್ರಸಂತೆಯಂತಹುದು ಜಿಲ್ಲೆಯಲ್ಲಿಯೇ ನಡೆಯಬಾರದೇಕೆ ಎಂಬ ಪ್ರಶ್ನೆ ಸಹಜ. ಕೊಳ್ಳುವವರ ಸಂಖ್ಯೆ ಕಡಿಮೆ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಬಾದಾಮಿಯ ಬನಶಂಕರಿ ಜಾತ್ರೆಯನ್ನು ನೋಡಿದರೆ ಈ ಉತ್ತರ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಪುಷ್ಯ ಮಾಸದ ಬನದ ಹುಣ್ಣಿಮೆಯಂದು ರಥೋತ್ಸವ ನಡೆದು, ಮುಂದೆ ಹಲವು ವಾರ ಸಾಗುವ ಈ ಜಾತ್ರೆಯಲ್ಲಿ ಮನೆ ಕಟ್ಟಿಸುವವರು ಕೆತ್ತನೆಯ ಬಾಗಿಲು, ಚೌಕಟ್ಟುಗಳನ್ನು ಆರಿಸಿ ಒಯ್ಯುತ್ತಾರೆ. ಹೊಸ ಮನೆಗೆ ಬಾಗಿಲನ್ನು ಜಾತ್ರೆಯಲ್ಲಿಯೇ ಕೊಳ್ಳುವ ಜನ ಅದೇ ಮನೆಯ ಗೋಡೆಗೆ ಒಂದು ಚಿತ್ರವನ್ನು ಅಲ್ಲಿಯೇ ಕೊಳ್ಳಲಾರರು ಎಂದು ಮೊದಲೇ ತೀರ್ಮಾನಿಸಲು ಕಾರಣವಿಲ್ಲ. ಬಾಗಿಲಿನ ಬೆಲೆ ತಿಳಿದವರಿಗೆ ಚಿತ್ರದ ಬೆಲೆಯನ್ನು ತಿಳಿಸುವ ಕೆಲಸ ಮಾತ್ರ ಬಾಕಿ ಇದೆ, ಮತ್ತು ಅದಕ್ಕೆ ಕೆಲವು ವರ್ಷಗಳೇ ಬೇಕಾಗಬಹುದು.

ಜಾತ್ರೆಯಲ್ಲಿ ಜಾಗ ಪಡೆಯುವುದಕ್ಕೆ ಆಯ್ಕೆ ಸಮಿತಿಯ ಮುಂದೆ ಹೋಗಬೇಕಾಗಿಲ್ಲ. ಆದರೆ ಧೂಳು, ಬಿಸಿಲು, ಜನಸಂದಣಿಯ ನಡುವೆ ಹಲವು ದಿನ ಚಿತ್ರಗಳನ್ನು ಕಾಯುವುದು ಒಬ್ಬರಿಂದ ಆಗದ ಕೆಲಸ. ನಾಲ್ಕೈದು ಕಲಾವಿದರು ಕೂಡಿ ಒಂದೇ ಮಳಿಗೆ ಹಿಡಿದು, ಸರದಿಯಂತೆ ಕುಳಿತರೆ ವೆಚ್ಚವೂ ಹಂಚಿಹೋಗುತ್ತದೆ. ಜಾತ್ರೆ ಮತ್ತು ಚಿತ್ರಸಂತೆ ಎರಡೂ ಹೆಚ್ಚುಕಡಿಮೆ ಒಂದೇ ಋತುವಿನಲ್ಲಿ ಬರುತ್ತವೆ. ಹುಣ್ಣಿಮೆಯು ಜನವರಿ ಆರಂಭದಲ್ಲಿ ಬರುವ ವರ್ಷಗಳಲ್ಲಿ ಎರಡರ ದಿನಗಳು ಕೂಡಿಕೊಳ್ಳಬಹುದಾದ್ದರಿಂದ, ಅರ್ಜಿ ಸಲ್ಲಿಸುವವರು ಆ ವರ್ಷದ ಪಂಚಾಂಗವನ್ನು ಪರಿಷತ್ತಿನ ಪ್ರಕಟಣೆಯೊಂದಿಗೆ ಹೋಲಿಸಿ ನೋಡಿಕೊಳ್ಳತಕ್ಕದ್ದು.