ಕೌಜಲಗಿಗೆ ನಮ್ಮದೇ ದವಾಖಾನೆ ಬೇಕು, ರಾತ್ರಿಯೂ ಬಾಗಿಲು ತೆರೆದಿರುವಂಥದ್ದು



ರಾತ್ರಿ ಹನ್ನೊಂದರ ಮೇಲೆ ಯಾರಿಗಾದರೂ ಎದೆ ಹಿಡಿದರೆ, ಬಸುರಿಗೆ ಬ್ಯಾನಿ ಎದ್ದರೆ, ನಾವು ಮೊದಲು ಹುಡುಕುವುದು ಗಾಡಿಯನ್ನು. ಡಾಕ್ಟರರ ಮಾತು ಆಮೇಲೆ. ಗಾಡಿ ಸಿಕ್ಕರೆ ಗೋಕಾಕ. ಅಲ್ಲಿ ಆಗುವುದಿಲ್ಲ ಅಂದರೆ ಗೋಕಾಕದಿಂದಾಚೆ ಇನ್ನೂ 60 ಕಿ.ಮೀ. ದಾಟಿ ಬೆಳಗಾವಿ. 108 ಗಾಡಿ 2008ರಿಂದ ಎಷ್ಟೋ ಜೀವ ಉಳಿಸಿದೆ, ಅದರ ಋಣ ನಮ್ಮ ಮೇಲಿದೆ. ಆದರೂ ಗಾಡಿ ಬರುವ ಹೊತ್ತು, ಹೋಗುವ ಹೊತ್ತು ಎರಡೂ ರೋಗಿಯ ಆಯುಷ್ಯದಿಂದಲೇ ಕಳೆಯುತ್ತವೆ. 2019ರ ಆಗಸ್ಟ್ ನೆರೆಯನ್ನು ನೆನಪಿಸಿಕೊಳ್ಳಿ. ಗೋಕಾಕದ ಲೋಳಸೂರ ಸೇತುವೆ ನೀರಲ್ಲಿ ಮುಳುಗಿದಾಗ ಹೊಳೆಯ ಆಚೆ ಎಷ್ಟು ದೊಡ್ಡ ಆಸ್ಪತ್ರೆ ಇದ್ದರೂ ಈಚೆಯವರಿಗೆ ಅದು ಇದ್ದೂ ಇಲ್ಲದ ಹಾಗಾಗಿತ್ತು.

ಹಾವು ಕಡಿದ ಸಂಗತಿಯನ್ನೇ ನೋಡಿ. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಪಾಳಿಯಲ್ಲೂ ಬರುತ್ತದೆ. ಕಬ್ಬಿಗೆ ನೀರು ಹಾಯಿಸಲು ಹೋದವನ ಕಾಲಿಗೆ ಕೊಳಕುಮಂಡಲ ಕಡಿಯುತ್ತದೆ. ಮನೆಯವರು ಗಾಬರಿಯಲ್ಲಿ ಹಗ್ಗ ಬಿಗಿಯುತ್ತಾರೆ, ಬ್ಲೇಡಿನಿಂದ ಗಾಯ ಕೊಯ್ಯುತ್ತಾರೆ, ಮಂತ್ರ ಹಾಕಿಸುತ್ತಾರೆ. ಮೂರೂ ತಪ್ಪು. ಆ ಹಾವಿನ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಕೊಯ್ದ ಗಾಯದಿಂದ ಸೋರುವ ರಕ್ತ ನಿಲ್ಲುವುದಿಲ್ಲ, ಹೊತ್ತು ಹೋದ ಹಾಗೆ ಮೂತ್ರಪಿಂಡವೂ ಕೈ ಕೊಡುತ್ತದೆ. ಮಾಡಬೇಕಾದದ್ದು ಇಷ್ಟು: ಕಾಲು ಅಲುಗದಂತೆ ದಬ್ಬೆ ಕಟ್ಟಿ, ನಡೆಸದೆ ಎತ್ತಿಕೊಂಡು, ವಿಷನಿವಾರಕ ಸೂಜಿಮದ್ದು ಇರುವ ಕಡೆ ಓಡುವುದು.

ವಿಷ ಏರಿದೆಯೋ ಎಂದು ತಿಳಿಯಲು ಅಲ್ಲಿ ನರ್ಸ್ ಮಾಡುವ ಪರೀಕ್ಷೆಗೆ ಲಕ್ಷಗಟ್ಟಲೆಯ ಯಂತ್ರ ಬೇಡ. ಒಣಗಿದ, ಸ್ವಚ್ಛವಾದ ಗಾಜಿನ ನಳಿಗೆಯಲ್ಲಿ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ನಿಲ್ಲಿಸುತ್ತಾರೆ. ಆಮೇಲೆ ಒಮ್ಮೆ ಬಾಗಿಸಿ ನೋಡುತ್ತಾರೆ. ರಕ್ತ ಇನ್ನೂ ನೀರಿನಂತೆ ಹರಿದರೆ ವಿಷ ಏರಿದೆ ಎಂದೇ ತಿಳಿದು ಮದ್ದು ಹಚ್ಚುತ್ತಾರೆ. ನಳಿಗೆ ಪ್ಲಾಸ್ಟಿಕ್ಕಿನದಾದರೆ ಈ ಪರೀಕ್ಷೆ ನಡೆಯುವುದಿಲ್ಲ, ಗಾಜಿನದೇ ಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ನಮ್ಮ ದೇಶದಲ್ಲಿ ಒಂದೇ ಮದ್ದು. ಒಂದು ಗಾಜಿನ ನಳಿಗೆ, ಹತ್ತಿಪ್ಪತ್ತು ಬಾಟಲಿ ಮದ್ದು, ಮದ್ದು ಒಗ್ಗದಿದ್ದರೆ ಸಾವರಿಸಲು ಅಡ್ರಿನಲಿನ್ ಸೂಜಿ, ಮತ್ತು ಅದನ್ನೆಲ್ಲ ಬಲ್ಲ ಒಬ್ಬರು ರಾತ್ರಿ ಎಚ್ಚರವಿರುವುದು. ಒಂದು ಮನೆಯ ಯಜಮಾನ ಉಳಿಯುವುದೂ ಹೋಗುವುದೂ ಇಷ್ಟರ ಮೇಲೆ ನಿಂತಿದೆ. ಹೆರಿಗೆಯಾದ ತಾಯಿಗೆ ರಕ್ತ ನಿಲ್ಲದಿದ್ದಾಗ ಕೊಡುವ ಆಕ್ಸಿಟೋಸಿನ್ ಕೂಡ ಹಾಗೇ, ತಂಪಿನಲ್ಲಿಟ್ಟ ಒಂದು ಸಣ್ಣ ಸೂಜಿಮದ್ದು.

ಸರಕಾರಿ ದವಾಖಾನೆ ಇರುವಾಗ ನಮ್ಮದೇ ಇನ್ನೊಂದೇಕೆ ಎಂದು ಕೆಲವರು ಕೇಳುತ್ತಾರೆ. ಸರಕಾರದ ಲೆಕ್ಕದಲ್ಲಿ ಬಯಲುಸೀಮೆಯ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಲಸಿಕೆ, ಬಸುರಿಯರ ತಪಾಸಣೆ, ಕ್ಷಯದ ಗುಳಗಿ, ಇವೆಲ್ಲ ಅಲ್ಲಿಯೇ ನಡೆಯಲಿ, ಚೆನ್ನಾಗಿ ನಡೆಯಲಿ. ಆಶಾ ಅಕ್ಕಂದಿರು ಮನೆಮನೆ ತಿರುಗಿ ಮಾಡುವ ಕೆಲಸಕ್ಕೆ ನಾವು ಕೈಮುಗಿಯುತ್ತೇವೆ. ನಾವು ಕೇಳುತ್ತಿರುವುದು ಅದರ ಜೊತೆಗೆ ನಿಲ್ಲುವ, ಲಾಭಕ್ಕಾಗಿ ನಡೆಯದ, ಊರವರೇ ಒಡೆಯರಾದ 10 ಹಾಸಿಗೆಯ ದವಾಖಾನೆ.

ಇದು ಈ ಮಣ್ಣಿಗೆ ಹೊಸದಲ್ಲ. 1929ರಲ್ಲಿ, ಪರರ ಆಳ್ವಿಕೆಯ ಕಾಲದಲ್ಲೇ, ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮ ಎದ್ದಿತು. ಡಾ. ಕೊಕಟನೂರ, ಡಾ. ವೈದ್ಯ, ಡಾ. ನಾ. ಸು. ಹರ್ಡೀಕರ ಮೊದಲಾದವರು ಅದರ ಹಿಂದಿದ್ದರು. ಹರ್ಡೀಕರರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವರು. ಮುಂಬಯಿಯಲ್ಲಿ ದವಾಖಾನೆ ಇಟ್ಟು ಹಣ ಮಾಡಬಹುದಿತ್ತು. ಅದನ್ನು ಬಿಟ್ಟು 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿದರು, 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರನ್ನು ನಿಲ್ಲಿಸಿದರು, ಹಳ್ಳಿಯವರ ಆರೋಗ್ಯಕ್ಕೆ ದುಡಿದರು. ಅದೇ ಘಟಪ್ರಭೆಯಲ್ಲಿ ಜಗದ್ಗುರು ಗುರುಸಿದ್ಧೇಶ್ವರ ಸಹಕಾರಿ ಆಸ್ಪತ್ರೆಯೂ ಇದೆ. ಸಾಲದ ಸಂಘ, ಹಾಲಿನ ಸಂಘ, ಸಕ್ಕರೆ ಕಾರ್ಖಾನೆ ಕಟ್ಟಿದ ಕೈಗಳೇ ಆಸ್ಪತ್ರೆಯನ್ನೂ ಸಹಕಾರದಲ್ಲಿ ಕಟ್ಟಬಲ್ಲವು ಎಂಬುದಕ್ಕೆ ದೂರದ ಸಾಕ್ಷಿ ಹುಡುಕಬೇಕಾಗಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಸೋಲಿಗ ಬುಡಕಟ್ಟಿನವರ ನಡುವೆ ಕೆಲಸ ಶುರುಮಾಡಿದಾಗ ಅಲ್ಲಿ ನಮ್ಮಲ್ಲಿರುವಷ್ಟು ರಸ್ತೆಯಾಗಲಿ, ನೀರಾವರಿಯಾಗಲಿ, ರೊಕ್ಕವಾಗಲಿ ಇರಲಿಲ್ಲ.

ಈಗ ರೊಕ್ಕದ ಮಾತು. ಕಟ್ಟಡಕ್ಕೆ ಕೊಡುವವರು ಸಿಗುತ್ತಾರೆ, ಕಲ್ಲಿನ ಮೇಲೆ ಹೆಸರು ಬರುತ್ತದೆ. ನರ್ಸಿನ ಸಂಬಳಕ್ಕೆ ಕೊಡುವವರು ಸಿಗುವುದಿಲ್ಲ, ಅಲ್ಲಿಯೇ ಇಂಥ ದವಾಖಾನೆಗಳು ಸೊರಗುವುದು. ಲೆಕ್ಕ ನೋಡಿ. ವಾರಕ್ಕೆ 168 ತಾಸು. ಒಬ್ಬರು 48 ತಾಸು ದುಡಿದರೂ ಹಗಲು-ರಾತ್ರಿ ಒಬ್ಬ ನರ್ಸ್ ಇರಬೇಕಾದರೆ ನಾಲ್ವರು ಬೇಕು. ತಿಂಗಳಿಗೆ ತಲಾ 20,000 ರೂಪಾಯಿ ಹಿಡಿದರೆ ವರ್ಷಕ್ಕೆ 9,60,000. ಒಂದು ಮನೆ ದಿನಕ್ಕೆ ಒಂದು ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 365. ಹಳ್ಳಿಹಳ್ಳಿ ಸೇರಿ 4,000 ಮನೆ ಕೂಡಿದರೆ 14,60,000. ನರ್ಸುಗಳ ಸಂಬಳ ಕಳೆದು 5 ಲಕ್ಷ ಮದ್ದಿಗೆ, ಸೋಲಾರಿಗೆ, ಫ್ರಿಜ್ಜಿಗೆ ಉಳಿಯುತ್ತದೆ. ಡಾಕ್ಟರರ ಸಂಬಳವನ್ನು ದಾನಿಗಳಿಂದ, ಉಳ್ಳವರು ಕೊಡುವ ಫೀಯಿಂದ, ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಮತ್ತು ಯಶಸ್ವಿನಿ ಯೋಜನೆಗಳಿಂದ ಹೊಂದಿಸಬೇಕು. ಕಬ್ಬು ಕಳಿಸುವ ರೈತರು ಬಿಲ್ಲಿನಲ್ಲಿ ಟನ್ನಿಗೆ ಇಷ್ಟೆಂದು ಒಪ್ಪಿದರೆ ಭಾರ ಇನ್ನೂ ಹಗುರ. ಕಬ್ಬು ಕಡಿಯಲು ಬಂದ ಗ್ಯಾಂಗಿನವರ ಹೆಣ್ಣುಮಕ್ಕಳಿಗೂ ಇದೇ ಬಾಗಿಲು ತೆರೆದಿರಬೇಕು. ಈ ವಂತಿಗೆಯ ಪಟ್ಟಿ ಕೊಟ್ಟಿಲ್ಲವೆಂದು ಯಾರನ್ನೂ ತಿರುಗಿ ಕಳಿಸಕೂಡದು.

ಕೃಷ್ಣ ಪಾರಿಜಾತದ ಆಟವನ್ನು ಬೆಳೆಸಿದ ತಮ್ಮಣ್ಣ ನಮ್ಮ ಕುಲಗೋಡದವರು, ಅದನ್ನು ಊರೂರಿಗೆ ಮುಟ್ಟಿಸಿದ ನಿಂಗಮ್ಮ ನಮ್ಮ ಕೌಜಲಗಿಯವಳು. ಜಾತ್ರೆಗೆ, ಆಟಕ್ಕೆ, ಗುಡಿಯ ಕಳಸಕ್ಕೆ ಪಟ್ಟಿ ಎತ್ತುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಈ ವರ್ಷ ಒಂದು ಪಟ್ಟಿ ದವಾಖಾನೆಗೆ ಎತ್ತೋಣ.

ಹಣ ಒಬ್ಬರ ಕೈಗೆ ಹೋಗುವುದಿಲ್ಲ. ಮೊದಲು ಸಂಸ್ಥೆ ನೋಂದಣಿ, ಬ್ಯಾಂಕಿನಲ್ಲಿ ಮೂವರ ಸಹಿಯ ಖಾತೆ, ಆಮೇಲೆ ಪಟ್ಟಿ. ಆಡಳಿತ ಮಂಡಳಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು, ಎಲ್ಲ ಓಣಿಯವರು, ಎಲ್ಲ ಸಮಾಜದವರು. ತಿಂಗಳ ಜಮಾ-ಖರ್ಚು ದವಾಖಾನೆಯ ಹೊರಗೋಡೆಯ ಮೇಲೆ ಬಣ್ಣದಲ್ಲಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ಪರವಾನಗಿ ಸಿಗುವವರೆಗೆ ಒಬ್ಬ ರೋಗಿಯನ್ನೂ ಮುಟ್ಟುವುದಿಲ್ಲ. ಕಟ್ಟಡಕ್ಕೆ ಕಾಯುವುದೂ ಬೇಡ. ಬಾಡಿಗೆ ಮನೆಯಲ್ಲಿ ನಾಲ್ಕು ಹಾಸಿಗೆಯಿಂದ ಶುರುವಾಗಲಿ.

ಬರುವ ಸೋಮವಾರ, ಎತ್ತಿಗೆ ನೊಗ ಹೂಡದ ದಿನ, ಸಂಜೆ 6 ಗಂಟೆಗೆ ಕೌಜಲಗಿ ಗ್ರಾಮ ಪಂಚಾಯತಿ ಮುಂದೆ ಸೇರೋಣ. ಮನೆಗೊಬ್ಬರು ಬನ್ನಿ, ಸಾಧ್ಯವಾದರೆ ಹೆಣ್ಣುಮಕ್ಕಳೇ ಬನ್ನಿ. ಅಂದು ರೊಕ್ಕ ತರುವುದು ಬೇಡ. ಮೂರು ವಿಷಯ ಬರೆದು ತನ್ನಿ: ನಿಮ್ಮ ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ಇರುವವರು ಎಷ್ಟು ಜನ; ಬಸುರಿಯರಿದ್ದರೆ ಯಾವ ತಿಂಗಳು; ಬಾಡಿಗೆಗೆ ಕೊಡಬಲ್ಲ, ಗಾಡಿ ಬಾಗಿಲಿಗೆ ಬರುವಂಥ ಮನೆ ಯಾವುದಾದರೂ ಇದೆಯೇ. ನರ್ಸಿಂಗ್ ಕಲಿತು ಪರ ಊರಲ್ಲಿ ದುಡಿಯುತ್ತಿರುವ ಮಗಳು ಇದ್ದರೆ ಇಂದೇ ಫೋನ್ ಹಚ್ಚಿ ಹೇಳಿ, ಊರಲ್ಲಿ ನೌಕರಿ ತಯಾರಾಗುತ್ತಿದೆ ಎಂದು.

ಇಂತಿ,
ಕೌಜಲಗಿ ಮತ್ತು ಸುತ್ತಲಿನ ಹಳ್ಳಿಗಳ ನಾಗರಿಕರು